ಯಾಹೂ ಬಿದ್ದದ್ದು ಯಾವತ್ತು?

ಸುಮಾ_ತೀರ್ಥಹಳ್ಳಿ: ಈಗಿನ ಸ್ಟಾರ್ಟಪ್ ಹುಡುಗರಿಗೆ ಯಾಹೂ ಅಂದರೆ ಅಪ್ಪನ ಹಳೆ ಇಮೇಲ್ ಐಡಿ ಅಷ್ಟೇ. 2000ದ ಜನವರಿಯಲ್ಲಿ ಅದರ ಷೇರುಗಳ ಒಟ್ಟು ಮೌಲ್ಯ ಸುಮಾರು 12,500 ಕೋಟಿ ಡಾಲರ್ ಇತ್ತು. 2008ರಲ್ಲಿ ಮೈಕ್ರೋಸಾಫ್ಟ್ 4,460 ಕೋಟಿ ಕೊಡ್ತೀವಿ ಅಂತ ಬಂದಾಗ ಕಡಿಮೆಯಾಯ್ತು ಅಂತ ವಾಪಸ್ ಕಳಿಸಿದರು. 2017ರಲ್ಲಿ ಅಮೆರಿಕದ ಫೋನ್ ಕಂಪನಿ ವೆರೈಜಾನ್‌ಗೆ ಮಾರಿದ್ದು 448 ಕೋಟಿಗೆ. ನನ್ನ ಪ್ರಕಾರ 2008ರಲ್ಲೇ ಅದರ ಕಥೆ ಮುಗಿದಿತ್ತು. ನೀವೇನಂತೀರಿ?

ಲೆಕ್ಕದ_ರಾಘು: ಸುಮಾ ಅವರೇ, 4,460 ಮತ್ತು 448, ಆ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತೆ. 2005ರಲ್ಲಿ ಯಾಹೂ 100 ಕೋಟಿ ಡಾಲರ್ ಹಾಕಿ, ಜೊತೆಗೆ ತನ್ನ ಚೀನಾ ವ್ಯವಹಾರವನ್ನೂ ಬಿಟ್ಟುಕೊಟ್ಟು, ಅಲಿಬಾಬಾದಲ್ಲಿ ಶೇ. 40ರಷ್ಟು ಪಾಲು ತಗೊಂಡಿತ್ತು. ಅದರಲ್ಲಿ ಉಳಿದಿದ್ದ ಪಾಲು ವೆರೈಜಾನ್‌ಗೆ ಹೋಗಲಿಲ್ಲ, ಆಲ್ಟಾಬಾ ಅನ್ನೋ ಹೆಸರಿನ ಕಂಪನಿಯಲ್ಲಿ ಉಳೀತು. 448 ಕೋಟಿಗೆ ಹೋದದ್ದು ಮೇಲ್, ಸುದ್ದಿ, ಜಾಹೀರಾತು ಇಷ್ಟೇ. ತಾಳ್ಮೆಯಿಂದ ಕಾದ ಷೇರುದಾರ ಮುಳುಗಲಿಲ್ಲ.

ಹುಬ್ಬಳ್ಳಿ_ಬಸವರಾಜ: ರಾಘು ಸರ, ಷೇರುದಾರ ಉಳದಾ, ಖರೆ. ಆದ್ರ ಅಂಗಡಿ ಉಳೀಲಿಲ್ಲಲ್ರೀ. ನಾ 2001ರಾಗ ಸೈಬರ್ ಕೆಫೆ ನಡಸ್ತಿದ್ದೆ. ಆರು ಕಂಪ್ಯೂಟರ್, ಒಂದ ಫೋನ್ ಲೈನ್. ಆರಕ್ಕೂ ಹೋಮ್‌ಪೇಜ್ ಯಾಹೂನ ಇಟ್ಟಿದ್ದೆ. ಹುಡುಗ್ರು ಮೆಸೆಂಜರ್ ತೆರದು, ಆ ಕಡಿಂದ ಉತ್ತರ ಬರೂತನಕ ಗೋಡೆ ಗಡಿಯಾರ ನೋಡ್ಕೋತ ಕುಂದರತಿದ್ರು, ತಾಸಿನ ರೊಕ್ಕ ಏರತಿತ್ತಲ್ಲ. ಏನರ ಹುಡುಕಿದ್ರ ಯಾಹೂ ಪುಟದಾಗನ ಗೂಗಲ್ ಹೆಸರು ಕಾಣತಿತ್ತು. ಒಂದೆರಡು ವರ್ಷದಾಗ ಅವರು ನೇರ ಗೂಗಲ್ ತೆರಿಯಾಕ ಹತ್ತಿದ್ರು. ತನ್ನ ಗಿರಾಕಿಗೆ ತಾನ ಬಾಜೂ ಅಂಗಡಿ ದಾರಿ ತೋರಿಸಿದಂಗಾತು.

ಜಯನಗರ_ಕೋಡರ್: ಬಸವರಾಜ್ ಅವರು ಸರಿಯಾದ ಜಾಗಕ್ಕೇ ಕೈ ಇಟ್ಟರು. 2000ದ ಜೂನ್‌ನಿಂದ 2004ರ ಆರಂಭದವರೆಗೆ ಯಾಹೂವಿನ ಹುಡುಕಾಟ ನಡೆಸಿದ್ದು ಗೂಗಲ್. ಯಾಹೂಗೆ ದುಡ್ಡು ಬರ್ತಿದ್ದುದು ಬ್ಯಾನರ್ ಜಾಹೀರಾತಿನಿಂದ, ಅಂದರೆ ಜನ ಅದರ ಪುಟದಲ್ಲೇ ಓಡಾಡ್ತಿರಬೇಕು. ಒಳ್ಳೆಯ ಹುಡುಕಾಟ ಮಾಡೋ ಕೆಲಸವೋ, ಬಂದವರನ್ನು ಬೇಗ ಹೊರಗೆ ಕಳಿಸೋದು. ಹಾಗಾಗಿ ಅದನ್ನ ಹೊರಗಿನವರಿಗೆ ವಹಿಸಿದರೆ ನಷ್ಟವೇನೂ ಇಲ್ಲ ಅಂದುಕೊಂಡರು. ಎಚ್ಚೆತ್ತು 2003ರಲ್ಲಿ ಇಂಕ್‌ಟೋಮಿ ಅನ್ನೋ ಹುಡುಕಾಟದ ಕಂಪನಿ ಕೊಂಡರು, ಓವರ್‌ಚರ್ ಕೊಂಡರು. ಹುಡುಕೋ ಪದಕ್ಕೆ ಹರಾಜು ಕೂಗಿ ಜಾಹೀರಾತು ಮಾರೋ ಪದ್ಧತಿಯನ್ನ ಗೂಗಲ್‌ಗಿಂತ ಮೊದಲು ಬೆಳೆಸಿದ್ದೇ ಓವರ್‌ಚರ್! ಆದರೆ ಅದನ್ನ ಸರಿಯಾಗಿ ಕಟ್ಟಿ 'ಪನಾಮಾ' ಅಂತ ಹೊರತರುವಷ್ಟರಲ್ಲಿ 2007 ಬಂದಿತ್ತು.

ಕಂಪನಿ ಕೊಳ್ಳೋದು ಒಂದು ಸಹಿಯ ಕೆಲಸ, ಬೆಸೆಯೋದು ವರ್ಷಗಳ ಕೆಲಸ. ನಾನು ಮೊದಲು ಕೆಲಸಕ್ಕಿದ್ದ ಕಡೆ (ಹೆಸರು ಬೇಡ) ಎರಡು ಸಣ್ಣ ಕಂಪನಿ ಕೊಂಡಿದ್ದರು. ಒಬ್ಬನೇ ಗ್ರಾಹಕ ಮೂರು ಡೇಟಾಬೇಸ್‌ನಲ್ಲಿ ಮೂರು ಸ್ಪೆಲಿಂಗ್‌ನಲ್ಲಿ ಕೂತಿದ್ದ. ಅವನ್ನ ಒಂದು ಮಾಡೋದರಲ್ಲೇ ನಮ್ಮ ಎರಡು ವರ್ಷ ಕಳೀತು. ಅಷ್ಟರಲ್ಲಿ ಗ್ರಾಹಕರೇ ಹೋಗಿದ್ದರು.

ಲೆಕ್ಕದ_ರಾಘು: ಒಪ್ಪಿದೆ. ಆದರೆ ಎಂಜಿನಿಯರಿಂಗ್ ಸೋತಿತು ಅಂತ ಮಾತ್ರ ಯಾರೂ ಅನ್ನಬೇಡಿ. ಭಾರಿ ಡೇಟಾವನ್ನ ನೂರಾರು ಕಂಪ್ಯೂಟರ್‌ಗಳಿಗೆ ಹಂಚಿ ಸಂಸ್ಕರಿಸೋ ಹಡೂಪ್ ಅನ್ನೋ ಮುಕ್ತ ಸಾಫ್ಟ್‌ವೇರ್ ಬೆಳೆದದ್ದು ಯಾಹೂ ಒಳಗೇ, ಬೆಂಗಳೂರಿನವರ ದುಡಿಮೆಯೂ ಅದರಲ್ಲಿದೆ. ಅದನ್ನ ಇಟ್ಟುಕೊಂಡು ಬೇರೆಯವರೆಲ್ಲ ಉದ್ಧಾರವಾದರು.

ಅನಸೂಯಾ_ಮೈಸೂರು: ಇಷ್ಟು ಹೊತ್ತು ಷೇರು, ಸರ್ಚ್ ಅಂದಿರಿ. ಅಲ್ಲಿ ಬರೆದಿಟ್ಟವರ ಮಾತೇ ಬರಲಿಲ್ಲ. 1999ರಲ್ಲಿ 357 ಕೋಟಿ ಡಾಲರ್ ಕೊಟ್ಟು ಜಿಯೋಸಿಟೀಸ್ ಕೊಂಡ ಯಾಹೂ 2009ರ ಅಕ್ಟೋಬರ್‌ನಲ್ಲಿ ಅದನ್ನ ಮುಚ್ಚಿತು. ಜಗತ್ತಿನ ಸಾಮಾನ್ಯ ಜನ ತಾವೇ ಕಟ್ಟಿದ್ದ ಲಕ್ಷಗಟ್ಟಲೆ ಪುಟಗಳು ಅವು. ಮುಚ್ಚೋ ಮೊದಲು ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರು ಆದಷ್ಟನ್ನ ನಕಲು ಮಾಡಿಟ್ಟರು. ತೀರಿಕೊಂಡ ನಮ್ಮಣ್ಣನ ಪುಟ ನನಗೆ ಸಿಕ್ಕಿದ್ದು ಆ ಪುಣ್ಯಾತ್ಮರಿಂದ. ಆಗ ಬ್ರೌಸರಿನಲ್ಲಿ ಕನ್ನಡ ಸರಿಯಾಗಿ ಮೂಡ್ತಿರಲಿಲ್ಲ. ಅವನು ತನ್ನ ಚುಟುಕಗಳನ್ನ 'ಬರಹ'ದಲ್ಲಿ ಟೈಪ್ ಮಾಡಿ, ಒಂದೊಂದನ್ನೂ ಚಿತ್ರ ಮಾಡಿ ಹಾಕಿದ್ದ. ಒಂಬತ್ತರಲ್ಲಿ ಏಳು ಉಳಿದಿವೆ.

ಸುಮಾ_ತೀರ್ಥಹಳ್ಳಿ: ಬೋರ್ಡ್‌ರೂಮ್ ಬಿಟ್ಟು ನಾನು ಬೇರೇನೂ ನೋಡಿರಲಿಲ್ಲ. ಅನಸೂಯಾ ಮೇಡಂ, ಆ ಪುಟ ಹುಡುಕಿದ್ದು ಹೇಗೆ ಅಂತ ಸ್ವಲ್ಪ ವಿವರವಾಗಿ ಬರೀತೀರಾ? ನಮ್ಮ ಚಿಕ್ಕಪ್ಪನದೂ ಒಂದಿತ್ತು, ಊರ ಜಾತ್ರೆಯ ಫೋಟೋ ಹಾಕಿದ್ದರು.