ರೇಡಿಯೇಟರ್ ನೀನೇ ಬದಲಿಸಬಹುದು, ಆದರೆ ಗಾಳಿ ತೆಗೆಯದೆ ಏಳಬೇಡ

ತಮ್ಮಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ. ಕಾರಿನ ಮುಂಭಾಗದ ಕೆಳಗೆ ಹಸಿರು ನೀರು ತೊಟ್ಟಿಕ್ಕುತ್ತಿದೆ, ಎಂಜಿನ್ನಿನ ಬಿಸಿ ನೀರನ್ನು ತಣ್ಣಗಾಗಿಸುವ ರೇಡಿಯೇಟರ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ, ರಜೆಯ ದಿನ ಮನೆಯಲ್ಲಿ ನಾನೇ ಬದಲಿಸಲಾ ಅಂತ ಕೇಳಿದ್ದೀಯ. ಬದಲಿಸಬಹುದು. ನಾನು ಎರಡು ಸಲ ಮಾಡಿದ್ದೇನೆ. ಬೋಲ್ಟ್ ಬಿಚ್ಚುವುದು, ಹಾಕುವುದು ಕಷ್ಟದ ಕೆಲಸವೇ ಅಲ್ಲ. ಕೆಡುವುದೆಲ್ಲ ಕೊನೆಯಲ್ಲಿ, ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ಆ ಹಸಿರು ನೀರು, ತುಂಬಿಸಿ ಗಾಳಿ ತೆಗೆಯುವ ಹೊತ್ತಿನಲ್ಲಿ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ, ಸಮಾಧಾನವಾಗಿ ಕೇಳು.

ಮೊದಲು ದೊಡ್ಡಪ್ಪನವರಿಗೆ ಒಂದು ಮಾತು. ದೊಡ್ಡಪ್ಪ, ಸುಮ್ನೆ ನೀರು ತುಂಬಿಸಿಕೊಂಡು ಓಡಿಸಲಿ ಅಂದಿರಿ. ನೀವು ಓಡಿಸಿದ ಗಾಡಿಗಳಲ್ಲಿ ತಾಮ್ರ, ಹಿತ್ತಾಳೆಯ ರೇಡಿಯೇಟರ್ ಇರುತ್ತಿತ್ತು. ಸೋರಿದರೆ ಬೆಸುಗೆ ಹಾಕಿಸಿದರೆ ಮುಗಿಯಿತು. ಈಗಿನದರಲ್ಲಿ ನಡುವೆ ಅಲ್ಯೂಮಿನಿಯಂ ಜಾಲರಿ, ಎರಡು ತುದಿಗೆ ಪ್ಲಾಸ್ಟಿಕ್ ಟ್ಯಾಂಕ್, ಅವೆರಡರ ಮಧ್ಯೆ ಒಂದು ರಬ್ಬರ್ ಸೀಲ್. ವರ್ಷಗಟ್ಟಲೆ ಕಾದು ಆರಿ ಕಾದು ಆರಿ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಅದಕ್ಕೆ ಬೆಸುಗೆ ನಿಲ್ಲುವುದಿಲ್ಲ. ಬರೀ ನೀರು ಹಾಕಿದರೆ ತುಕ್ಕು ತಡೆಯುವ ಅಂಶ ಇರುವುದಿಲ್ಲ, ಗಡಸು ನೀರಾದರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಇನ್ನೊಂದು ಅಪಾಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಕೂಲೆಂಟ್ ತುಂಬಾ ಕಡಿಮೆಯಾದಾಗ ಟೆಂಪರೇಚರ್ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ, ಗಾಳಿಯಲ್ಲಿ ನಿಂತಿರುತ್ತದೆ. ಆಗ ಎಂಜಿನ್ ಬೇಯುತ್ತಿದ್ದರೂ ಮೀಟರಿನ ಮುಳ್ಳು ಸರಿಯಾಗೇ ತೋರಿಸಬಹುದು. ಹಾಗಾಗಿ ಅದನ್ನು ನಂಬಿಕೊಂಡು ಓಡಿಸುವುದು ಬೇಡ.

ಅತ್ತಿಗೆ ಹೇಳಿದ ಸೋರಿಕೆ ನಿಲ್ಲಿಸುವ ಪುಡಿಯೂ ಬೇಡ. ಅದು ಬಿರುಕನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ ಅತ್ತಿಗೆ. ಕಾರಿನೊಳಗೆ ಬಿಸಿ ಗಾಳಿ ಕೊಡುವ ಹೀಟರಿನ ಸಣ್ಣ ಕೊಳವೆಗಳಲ್ಲೂ ಕೂತು ಕಟ್ಟಿಕೊಳ್ಳಬಹುದು.

ಈಗ ನಿನ್ನ ಕೆಲಸ. ಹೊಸದು ತರುವ ಮುಂಚೆ ಸೋರುತ್ತಿರುವುದು ರೇಡಿಯೇಟರೇನಾ ಅಂತ ನೀನೂ ಒಂದು ಸಲ ನೋಡು. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಾಕಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಂ ಕೂಡುವ ಅಂಚನ್ನು ನೋಡು. ಸೋರಿ ಒಣಗಿದ ಕಡೆ ಬಿಳಿ ಅಥವಾ ಹಸಿರು ಕರೆ ಕಟ್ಟಿರುತ್ತದೆ. ಪೈಪಿನ ಕ್ಲಿಪ್ ಸಡಿಲವಾದರೂ, ವಾಟರ್ ಪಂಪ್ ಸೋರಿದರೂ ಕೆಳಗೆ ಬೀಳುವುದು ಅದೇ ಹಸಿರು ನೀರೇ ಅಲ್ವಾ? ಆಮೇಲೆ ಎಂಜಿನ್ ಆಯಿಲಿನ ಮುಚ್ಚಳ ತೆಗೆದು ಒಳಭಾಗ ನೋಡು. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ, ಅಥವಾ ಎಂಜಿನ್ ಪೂರ್ತಿ ಕಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸು. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಅದರ ಕೆಳಗಿನ ಭಾಗಕ್ಕೂ ನಡುವಿನ ಸೀಲ್, ಹೋಗಿರಬಹುದು. ರೇಡಿಯೇಟರ್ ಬದಲಿಸಿದರೆ ಅದು ಸರಿಹೋಗುವುದಿಲ್ಲ.

ಎಂಜಿನ್ ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲೇಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಆ ಮುಚ್ಚಳ ಸಾಮಾನ್ಯವಾಗಿ 15 ಪಿಎಸ್‌ಐ ಆಸುಪಾಸಿನ ಒತ್ತಡ ಹಿಡಿದಿಟ್ಟಿರುತ್ತದೆ. ಒತ್ತಡ ಇರುವುದರಿಂದಲೇ ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ 125 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದೆಯೋ, ಒತ್ತಡ ಹೋಯಿತು, ಒಳಗಿರುವುದೆಲ್ಲ ಒಂದೇ ಕ್ಷಣಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಮುಟ್ಟು, ಅದು ಎಲ್ಲಕ್ಕಿಂತ ಒಳ್ಳೆಯದು. ಬ್ಯಾಟರಿಯ ಮೈನಸ್ ತಂತಿ ತೆಗೆದಿಡು. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ. ಮುಂಭಾಗ ಎತ್ತುವುದಾದರೆ ಬರೀ ಜಾಕ್ ಮೇಲೆ ಬಿಟ್ಟು ಕೆಳಗೆ ಹೋಗಬೇಡ, ಸ್ಟ್ಯಾಂಡ್ ಕೊಡು.

ಕೆಳಗೆ ಅಗಲವಾದ ಟಬ್ ಇಟ್ಟು ಕೂಲೆಂಟ್ ಇಳಿಸು. ರೇಡಿಯೇಟರಿನ ತಳದಲ್ಲಿ ಒಂದು ಪ್ಲಾಸ್ಟಿಕ್ ತಿರುಪು ಇರುತ್ತದೆ. ಹಳೆಯದಾದರೆ ಮುರಿಯಬಹುದು. ಬಿಗಿಯಾಗಿದ್ದರೆ ಅದನ್ನು ಬಿಟ್ಟು ಕೆಳಗಿನ ಪೈಪ್ ಬಿಚ್ಚು, ಒಮ್ಮೆಲೇ ಸುರಿಯುತ್ತದೆ, ತಯಾರಿರು. ಇಳಿದದ್ದು ಎಷ್ಟು ಲೀಟರ್ ಅಂತ ಅಳೆದು ಬರೆದಿಡು, ಆಮೇಲೆ ಬೇಕಾಗುತ್ತದೆ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬರದ ಹಾಗೆ ನೋಡಿಕೋ. ಜಾಸ್ತಿ ಕೂಲೆಂಟ್‌ಗಳಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಆದರೆ ವಿಷ. ಸ್ವಲ್ಪ ನೆಕ್ಕಿದರೂ ಬೆಕ್ಕು, ನಾಯಿಗಳ ಕಿಡ್ನಿ ಹೋಗುತ್ತದೆ. ಚೆಲ್ಲಿದ್ದನ್ನು ಆಗಲೇ ಒರೆಸು, ಟಬ್ ಮುಚ್ಚಿಡು.

ಪೈಪುಗಳು ರಬ್ಬರಿನವು, ಅಂಟಿಕೊಂಡಿರುತ್ತವೆ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡ. ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಚು, ಅಂಟು ಬಿಟ್ಟ ಮೇಲೆ ಎಳೆ. ಪೈಪನ್ನು ಹಿಂಡಿ ನೋಡು. ಬಿರುಕು ಕಂಡರೆ, ತುದಿ ಉಬ್ಬಿದ್ದರೆ ಅದನ್ನೂ ಈಗಲೇ ಬದಲಿಸಿಬಿಡು. ಮತ್ತೆ ಇದೇ ಕೂಲೆಂಟ್ ಇಳಿಸಿ ಕೂರುವುದು ಯಾಕೆ? ಫ್ಯಾನಿನ ಕನೆಕ್ಟರ್ ಬಿಚ್ಚಿ, ಫ್ಯಾನನ್ನು ಅದರ ಚೌಕಟ್ಟಿನ ಸಮೇತ ಮೊದಲು ಎತ್ತಿದರೆ ಜಾಗ ಸಿಗುತ್ತದೆ. ರೇಡಿಯೇಟರಿನ ಮುಂದೆ ಅದರ ಹಾಗೇ ಕಾಣುವ ಇನ್ನೊಂದು ಜಾಲರಿ ಇರುತ್ತದೆ, ಅದು ಎಸಿ ಕಂಡೆನ್ಸರ್. ಅದರ ಪೈಪ್ ಮಾತ್ರ ಬಿಚ್ಚಬೇಡ, ಒಳಗೆ ಒತ್ತಡದಲ್ಲಿ ಗ್ಯಾಸ್ ಇದೆ. ಅದು ರೇಡಿಯೇಟರಿಗೇ ಬೋಲ್ಟ್ ಆಗಿದ್ದರೆ ಬೋಲ್ಟ್ ಮಾತ್ರ ತೆಗೆದು, ಕಂಡೆನ್ಸರನ್ನು ದಾರದಲ್ಲಿ ಮೇಲಿನ ಪಟ್ಟಿಗೆ ಕಟ್ಟಿ ನಿಲ್ಲಿಸು.

ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಪೈಪ್ ಬಾಯಿಗಳು, ಕಾಲುಗಳು, ಸೆನ್ಸರ್ ಕೂರುವ ತೂತು ಎಲ್ಲ ಒಂದೇ ಥರ ಇರಬೇಕು. ತಳದ ರಬ್ಬರ್ ಬುಷ್‌ಗಳನ್ನು ಮರೆಯಬೇಡ, ಅಲುಗಾಟ ತಡೆಯುವುದು ಅವೇ. ಜಾಲರಿಯನ್ನು ಬೆರಳಿನಲ್ಲಿ ಒತ್ತಬೇಡ, ತಕ್ಷಣ ಮಡಚಿಕೊಳ್ಳುತ್ತದೆ. ನಾನು ಒಂದು ರಟ್ಟು ಕತ್ತರಿಸಿ ಮುಂದೆ ಹಿಂದೆ ಕಟ್ಟಿಕೊಂಡು ಇಳಿಸಿದ್ದೆ.

ಕೂಲೆಂಟ್ ಕೊಳ್ಳುವಾಗ ಬಣ್ಣ ನೋಡಿ ತರಬೇಡ. ಹಸಿರು, ಕೆಂಪು, ನೀಲಿ ಅಂತ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಇಲ್ಲ. ಕಾರಿನ ಪುಸ್ತಕದಲ್ಲಿ ಯಾವ ದರ್ಜೆ ಬರೆದಿದೆಯೋ ಅದನ್ನೇ ತಾ. ಬೇರೆ ಬೇರೆ ಜಾತಿ ಬೆರೆತರೆ ತುಕ್ಕು ತಡೆಯುವ ಗುಣ ಕಡಿಮೆಯಾಗುತ್ತದೆ, ಕೆಲವು ಸಲ ಗಟ್ಟಿಯೂ ಆಗುತ್ತದೆ. ಮೊದಲೇ ಬೆರೆಸಿದ್ದು ತಂದರೆ ಅದಕ್ಕೆ ನೀರು ಸೇರಿಸಬೇಡ. ನೀರು ಬೆರೆಸದ ಗಟ್ಟಿ ಕೂಲೆಂಟ್ ತಂದರೆ ಸಾಮಾನ್ಯವಾಗಿ ಸಮಸಮ ಡಿಸ್ಟಿಲ್ಡ್ ವಾಟರ್ ಸೇರಿಸಬೇಕು. ಬರೀ ಗಟ್ಟಿ ಕೂಲೆಂಟ್ ಹಾಕಿದರೆ ಇನ್ನೂ ಒಳ್ಳೆಯದು ಅನ್ನಿಸಬಹುದು, ಅದು ತಪ್ಪು. ಬಿಸಿ ಹೊತ್ತುಕೊಂಡು ಹೋಗುವುದರಲ್ಲಿ ನೀರೇ ಮುಂದು.

ಇನ್ನು ಗಾಳಿ. ಮೊದಲನೇ ಸಲ ನಾನು ಕೂಲೆಂಟ್ ಮೇಲಿನ ತನಕ ತುಂಬಿಸಿ, ಮುಚ್ಚಳ ಹಾಕಿ, ಕೈ ತೊಳೆದು ಎದ್ದೆ. ಮಾರನೇ ದಿನ ಹತ್ತು ನಿಮಿಷ ಓಡಿಸುವಷ್ಟರಲ್ಲಿ ಮುಳ್ಳು ಏರತೊಡಗಿತು. ಹೀಟರ್ ಹಾಕಿದರೆ ತಣ್ಣನೆ ಗಾಳಿ ಬಂತು. ಎಂಜಿನ್ ಕಾದಿದೆ, ಹೀಟರ್ ತಣ್ಣಗಿದೆ ಅಂದರೆ ಬಿಸಿ ನೀರು ಅಲ್ಲಿಗೆ ಹೋಗುತ್ತಲೇ ಇಲ್ಲ, ಮಧ್ಯೆ ಗಾಳಿ ಕೂತಿದೆ. ಆಗಲೇ ಬದಿಗೆ ನಿಲ್ಲಿಸಿ ಆಫ್ ಮಾಡಿದೆ. ಅವತ್ತು ಇನ್ನೂ ಎರಡು ಕಿಲೋಮೀಟರ್ ಅಂತ ಹೋಗಿದ್ದರೆ ಹೆಡ್ ಬಾಗುತ್ತಿತ್ತೋ ಏನೋ. ಈಗ ನೆನೆದರೂ ಭಯವಾಗುತ್ತದೆ.

ಅದಕ್ಕೇ ಪೈಪು, ಫ್ಯಾನು ಎಲ್ಲ ವಾಪಸ್ ಕೂರಿಸಿದ ಮೇಲೆ ಹೀಗೆ ಮಾಡು. ಕಾರಿನ ಮುಂಭಾಗ ಸ್ವಲ್ಪ ಎತ್ತರದಲ್ಲಿರಲಿ, ಗಾಳಿ ಮೇಲಕ್ಕೆ ಬರುತ್ತದೆ. ಬ್ಯಾಟರಿ ತಂತಿ ವಾಪಸ್ ಹಾಕಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸು. ಫನಲ್ ಇಟ್ಟು ನಿಧಾನವಾಗಿ ಸುರಿ. ಗಾಳಿ ಬಿಡುವ ತಿರುಪು ಇದ್ದರೆ ಅದನ್ನು ತೆರೆದಿಟ್ಟು, ಗುಳ್ಳೆ ನಿಂತು ಬರೀ ಕೂಲೆಂಟ್ ಬಂದ ಮೇಲೆ ಮುಚ್ಚು. ಮಧ್ಯೆ ಮಧ್ಯೆ ಮೇಲಿನ ಪೈಪನ್ನು ಹಿಂಡು, ಗುಳುಗುಳು ಅಂತ ಗಾಳಿ ಬರುವುದು ಕೇಳಿಸುತ್ತದೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಹಾಗೇ ಓಡಲು ಬಿಡು. ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ, ಥರ್ಮೋಸ್ಟಾಟ್, ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ನಡುವೆ ತೆರೆಯುತ್ತದೆ. ಅದು ತೆರೆದಾಗ ಮಟ್ಟ ತಟ್ಟನೆ ಇಳಿಯಬಹುದು, ಗಾಬರಿಯಾಗದೆ ಇನ್ನಷ್ಟು ಸುರಿ. ಗುಳ್ಳೆ ನಿಂತ ಕೂಡಲೇ ಮುಚ್ಚಳ ಹಾಕು, ಉಕ್ಕುವ ತನಕ ಕಾಯಬೇಡ. ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವ ತನಕ ಮುಳ್ಳಿನ ಮೇಲೆ ಕಣ್ಣಿಟ್ಟು ಅಲ್ಲೇ ಕೂತಿರು. ಒಳಗೆ ಹೀಟರಿನಿಂದ ಚೆನ್ನಾಗಿ ಬಿಸಿ ಗಾಳಿ ಬರಬೇಕು. ಎಷ್ಟು ಲೀಟರ್ ಹಿಡಿಯಿತು ಅಂತ ನೋಡು. ಇಳಿದದ್ದಕ್ಕಿಂತ ಕಡಿಮೆ ಹಿಡಿದಿದ್ದರೆ ಒಳಗೆ ಇನ್ನೂ ಗಾಳಿ ಇದೆ.

ಮಾರನೇ ದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ಮುಚ್ಚಳ ತೆಗೆದು ನೋಡು, ಸ್ವಲ್ಪ ಇಳಿದಿರುತ್ತದೆ, ತುಂಬಿಸು. ಒಂದು ವಾರ ಹೀಗೇ ನೋಡುತ್ತಿರು. ಹಳೆ ಕೂಲೆಂಟನ್ನು ಚರಂಡಿಗೆ, ಗಿಡಕ್ಕೆ ಸುರಿಯಬೇಡ. ಡಬ್ಬಿಗೆ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಡು.

ಒಂದು ವಿಷಯ ನೀನು ಬರೆದಿಲ್ಲ, ಕಾರು ಆಟೋಮ್ಯಾಟಿಕ್ಕಾ? ಆಗಿದ್ದರೆ ರೇಡಿಯೇಟರಿಗೆ ಎರಡು ದಪ್ಪ ಪೈಪಿನ ಜೊತೆ ಇನ್ನೆರಡು ಸಣ್ಣ ಪೈಪ್ ಬಂದಿರಬಹುದು, ಗೇರ್ ಆಯಿಲ್ ತಣ್ಣಗಾಗಲು. ಅದನ್ನು ಬಿಚ್ಚಿದರೆ ಆಯಿಲ್ ಸೋರುತ್ತದೆ, ಕೊನೆಗೆ ಅದರ ಮಟ್ಟವನ್ನೂ ಸರಿಮಾಡಬೇಕಾಗುತ್ತದೆ. ಬಾನೆಟ್ ತೆಗೆದು ರೇಡಿಯೇಟರಿನ ಎರಡೂ ಬದಿಯ ಫೋಟೊ ಇಲ್ಲೇ ಗ್ರೂಪಿಗೆ ಹಾಕು. ನಾನು ನೋಡಿ ಹೇಳುವ ತನಕ ಆ ಸಣ್ಣ ಪೈಪಿಗೆ ಸ್ಪ್ಯಾನರ್ ಹಾಕಬೇಡ.