ವಿಯೆಟ್ನಾಂ ಯುದ್ಧವನ್ನು ನಿಲ್ಲಿಸಿದ್ದು ಬೀದಿಯ ಹೋರಾಟವೇ?

ಸುಧೀಂದ್ರ:
ವಿಯೆಟ್ನಾಂ ಯುದ್ಧವನ್ನು ಅಮೆರಿಕದ ವಿದ್ಯಾರ್ಥಿಗಳು ಬೀದಿಗಿಳಿದು ನಿಲ್ಲಿಸಿದರು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. 1969ರ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಲಕ್ಷಗಟ್ಟಲೆ ಜನ ಸೇರಿ ಯುದ್ಧ ಸಾಕೆಂದರು. ಅಮೆರಿಕದ ಕೊನೆಯ ತುಕಡಿಗಳು ವಿಯೆಟ್ನಾಂನಿಂದ ಹೊರಟದ್ದು 1973ರ ಮಾರ್ಚ್‌ನಲ್ಲಿ. ಈ ನಡುವೆ ಬಂದ 1972ರ ಅಧ್ಯಕ್ಷ ಚುನಾವಣೆಯಲ್ಲಿ, ಯುದ್ಧವನ್ನು ಕೈಬಿಡಬೇಕೆಂದು ಪ್ರಚಾರ ಮಾಡಿದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಮೆಕ್‌ಗವರ್ನ್ ಐವತ್ತು ರಾಜ್ಯಗಳ ಪೈಕಿ ಮ್ಯಾಸಚೂಸೆಟ್ಸ್ ಒಂದನ್ನೇ ಗೆದ್ದರು. ಧ್ವಜ ಸುಡುವುದನ್ನೂ ಕಲ್ಲು ತೂರುವುದನ್ನೂ ಟಿವಿಯಲ್ಲಿ ಕಂಡ ಸಾಮಾನ್ಯ ಜನ, ಯುದ್ಧದಿಂದ ಬೇಸತ್ತಿದ್ದರೂ, ಅಧ್ಯಕ್ಷ ನಿಕ್ಸನ್ ಕಡೆಗೆ ವಾಲಿದರು. ಬೀದಿಯ ಗದ್ದಲದಿಂದ ಯುದ್ಧದ ಆಯುಸ್ಸು ಹೆಚ್ಚಿತೆಂಬುದೇ ನನ್ನ ವಾದ.

ವಸುಧಾ:
ಸುಧೀಂದ್ರ ಅವರೇ, ಚುನಾವಣೆಯ ಫಲಿತಾಂಶವೊಂದನ್ನೇ ಹಿಡಿದು ಅಳೆದರೆ ನಡೆಯದೇ ಹೋದ ಸಂಗತಿಗಳು ಲೆಕ್ಕಕ್ಕೇ ಬರುವುದಿಲ್ಲ. ಸಂಧಾನದಲ್ಲಿ ಬಗ್ಗದಿದ್ದರೆ ಭಾರಿ ದಾಳಿ ಎದುರಿಸಬೇಕಾಗುತ್ತದೆ ಎಂದು ನಿಕ್ಸನ್ ಶತ್ರುಪಕ್ಷವಾದ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಗುಟ್ಟಾಗಿ 1969ರ ನವೆಂಬರ್ 1ರ ಗಡುವು ಕೊಟ್ಟಿದ್ದರು. ಅದಕ್ಕೆ ಎರಡು ವಾರ ಮೊದಲು, ಅಕ್ಟೋಬರ್ 15ರಂದು, ಅಮೆರಿಕದ ಊರೂರುಗಳಲ್ಲಿ ಜನ ಕೆಲಸ ಬಿಟ್ಟು ಹೊರಬಂದು, ಮೇಣದಬತ್ತಿ ಹಿಡಿದು, ಮಡಿದ ಸೈನಿಕರ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಗಡುವು ಕಳೆಯಿತು, ದಾಳಿ ನಡೆಯಲಿಲ್ಲ. ಈ ಪ್ರತಿಭಟನೆಯಿಂದ ತಮ್ಮ ಬೆದರಿಕೆಗೆ ಬೆಲೆಯಿಲ್ಲದಂತಾಯಿತೆಂದು ನಿಕ್ಸನ್ ಅವರೇ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ದಾಳಿ ನಡೆದಿದ್ದರೆ ಸಾಯುತ್ತಿದ್ದವರು ಯಾರೆಂದು ಒಮ್ಮೆ ಯೋಚಿಸಿ.

ನಾಗರಾಜ್:
ಇಬ್ಬರೂ ‘ಜನ’ ಎನ್ನುತ್ತಿದ್ದೀರಿ. ಯಾವ ಜನ ಎಂದು ಕೇಳದೆ ಈ ಚರ್ಚೆ ಮುಂದೆ ಸಾಗದು. ಕಾಲೇಜಿನಲ್ಲಿ ಓದುತ್ತಿದ್ದವನಿಗೆ ಕಡ್ಡಾಯ ಸೇನಾ ಭರ್ತಿಯಿಂದ ವಿನಾಯಿತಿ ಸಿಗುತ್ತಿತ್ತು. ಫೀಸು ಕಟ್ಟಲಾಗದೆ ಕಾರ್ಖಾನೆಗೆ ಸೇರಿದವನಿಗೆ ಆ ಆಸರೆ ಇರಲಿಲ್ಲ. ಅದು ಸಾಲದೆಂಬಂತೆ 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಅರ್ಹತಾ ಪರೀಕ್ಷೆಯ ಮಟ್ಟವನ್ನು ಇಳಿಸಿ, ಮೊದಲಾಗಿದ್ದರೆ ತಿರಸ್ಕೃತರಾಗುತ್ತಿದ್ದ ಹುಡುಗರನ್ನೂ ಸೇನೆಗೆ ತುಂಬಿಕೊಂಡರು. ಅವರಲ್ಲಿ ಬಡವರೂ ಕಪ್ಪು ಜನರೂ ಬಹಳ. ಈ ಅನ್ಯಾಯ ತೀರಾ ಕಣ್ಣಿಗೆ ಹೊಡೆಯತೊಡಗಿದಾಗ 1969ರ ಡಿಸೆಂಬರ್ 1ರಂದು, ಯಾರನ್ನು ಮೊದಲು ಸೇನೆಗೆ ಕರೆಯಬೇಕೆಂದು ತೀರ್ಮಾನಿಸಲು, ಲಾಟರಿ ಎತ್ತಿದರು. ವರ್ಷದ 366 ದಿನಾಂಕಗಳನ್ನು ಚೀಟಿಗಳಲ್ಲಿ ಬರೆದು, ನೀಲಿ ಪ್ಲಾಸ್ಟಿಕ್ ಗುಳಿಗೆಗಳೊಳಗೆ ಸುರುಳಿ ಸುತ್ತಿಟ್ಟು, ದೊಡ್ಡ ಗಾಜಿನ ಪಾತ್ರೆಯಿಂದ ಒಂದೊಂದನ್ನೇ ಎತ್ತುವುದನ್ನು ದೇಶಕ್ಕೆ ದೇಶವೇ ಟಿವಿಯಲ್ಲಿ ನೋಡಿತು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ, ಹತ್ತೊಂಬತ್ತರಿಂದ ಇಪ್ಪತ್ತೈದರ ವಯಸ್ಸಿನ ಯುವಕರೇ ಸರದಿಯಲ್ಲಿ ಮೊದಲಿಗರಾದರು. ಗುಳಿಗೆಗಳನ್ನು ಸರಿಯಾಗಿ ಕಲಸದಿದ್ದುದರಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಪಾಲಿಗೆ ಮುಂಚಿನ ಸಂಖ್ಯೆಗಳೇ ಹೆಚ್ಚು ಬಂದವೆಂಬುದು ಆಮೇಲೆ ಬಯಲಾಯಿತು. ಮಗನನ್ನು ಕಳಿಸಿ ಕೂತ ಮನೆಯವರಿಗೆ ಯುದ್ಧವೂ ಬೇಡವಾಗಿತ್ತು, ವಿನಾಯಿತಿ ಪಡೆದು ಘೋಷಣೆ ಕೂಗುವವರೂ ಬೇಡವಾಗಿದ್ದರು.

ಶೈಲಜಾ:
ನಾಗರಾಜ್ ಅವರ ಕೊನೆಯ ಮಾತು ಓಹಾಯೊದಲ್ಲಿರುವ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಾಹನ ನಿಲುಗಡೆಯಲ್ಲಿ ನಾಲ್ಕು ಕಡೆ ಯಾರೂ ಕಾರು ನಿಲ್ಲಿಸದಂತೆ ಸುತ್ತ ಗಿಡ್ಡ ದೀಪಸ್ತಂಭಗಳನ್ನು ನೆಟ್ಟಿದ್ದಾರೆ. ನಾಲ್ವರು ವಿದ್ಯಾರ್ಥಿಗಳು ಗುಂಡೇಟಿಗೆ ಬಿದ್ದ ಜಾಗಗಳವು. ಗುಡ್ಡದ ಮೇಲಿನ ಲೋಹದ ಶಿಲ್ಪವೊಂದನ್ನು ಗುಂಡು ತೂರಿಹೋದ ತೂತು ಇಂದಿಗೂ ಹಾಗೆಯೇ ಇದೆ. ನಿಕ್ಸನ್ ಯುದ್ಧವನ್ನು ಕಾಂಬೋಡಿಯಾಕ್ಕೂ ಹಬ್ಬಿಸಿದ್ದನ್ನು ವಿರೋಧಿಸಿ ಸೇರಿದ್ದವರ ಕಡೆಗೆ, 1970ರ ಮೇ 4ರಂದು, ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಮೀಸಲು ಸೇನಾಪಡೆಯವರು ಹದಿಮೂರು ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ಸತ್ತವರಲ್ಲಿ ಇಬ್ಬರು ಪ್ರತಿಭಟನೆಗೆ ಬಂದವರೇ ಅಲ್ಲ, ತಮ್ಮಷ್ಟಕ್ಕೆ ತಾವು ಹೋಗುತ್ತಿದ್ದವರು. ಆದರೂ ಆಗ ನಡೆದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಶೇ. 58ರಷ್ಟು ಮಂದಿ ತಪ್ಪು ವಿದ್ಯಾರ್ಥಿಗಳದ್ದೇ ಎಂದರು. ಇದಾದ ನಾಲ್ಕೇ ದಿನಕ್ಕೆ ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಬಳಿ, ಸತ್ತವರಿಗಾಗಿ ಶೋಕಿಸುತ್ತಿದ್ದ ವಿದ್ಯಾರ್ಥಿಗಳನ್ನು ಕಟ್ಟಡ ಕಾರ್ಮಿಕರು ಅಟ್ಟಿಸಿಕೊಂಡು ಹೊಡೆದರು. ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಅದೇ ತಿಂಗಳು ಪೊಲೀಸರು ಇಬ್ಬರು ಕಪ್ಪು ಯುವಕರನ್ನು ಕೊಂದರು. ಕೆಂಟ್ ಬಗ್ಗೆ ಮಾತಾಡುವವರಲ್ಲಿ ಅದನ್ನು ನೆನೆಯುವವರು ಇಂದಿಗೂ ಕಡಿಮೆ, ಅದು ನನಗೆ ನೋವಿನ ಸಂಗತಿ.

ಸುಧೀಂದ್ರ:
ಶೈಲಜಾ ಅವರೇ, ನೀವು ಕೊಟ್ಟ ವಿವರಗಳೇ ನನ್ನ ವಾದಕ್ಕೆ ಬಲ ಕೊಡುತ್ತವೆ. ವಿಯೆಟ್ನಾಂನ ಮೀ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರಿಂದ ನೂರಾರು ನಿರಾಯುಧರ ಹತ್ಯೆಯಾದ ಪ್ರಕರಣದಲ್ಲಿ 1971ರಲ್ಲಿ ಲೆಫ್ಟಿನೆಂಟ್ ಕ್ಯಾಲಿಗೆ ಶಿಕ್ಷೆಯಾದಾಗಲೂ ಬಹುಪಾಲು ಅಮೆರಿಕನ್ನರು ಆ ತೀರ್ಪನ್ನು ಒಪ್ಪಲಿಲ್ಲ. ವಿದ್ಯಾರ್ಥಿಗಳ ಮಾತು ಅಂಥವರ ಮನಸ್ಸನ್ನು ಹೇಗೆ ತಿದ್ದೀತು?

ನಾಗರಾಜ್:
ವಿದ್ಯಾರ್ಥಿಗಳ ಮಾತಿಗೆ ಕಿವಿಗೊಡದವರೂ ಯೋಧರ ಮಾತನ್ನು ತಳ್ಳಿಹಾಕುವುದು ಕಷ್ಟವಾಯಿತು. ಕ್ಯಾಲಿಗೆ ಶಿಕ್ಷೆಯಾದ ಮರುತಿಂಗಳೇ, ವಿಯೆಟ್ನಾಂನಿಂದ ಮರಳಿದ ನೂರಾರು ಸೈನಿಕರು, ಗಾಲಿಕುರ್ಚಿಯಲ್ಲಿದ್ದವರೂ ಸೇರಿ, ಸಂಸತ್ ಭವನದ ಮುಂದೆ ಬಂದು ತಮ್ಮ ಪದಕಗಳನ್ನು ಬೇಲಿಯಾಚೆ ಎಸೆದರು. ಅವರನ್ನು ಹೇಡಿಗಳೆನ್ನಲು ಯಾರಿಗೂ ಬಾಯಿ ಬರುವಂತಿರಲಿಲ್ಲ. ಹೋರಾಟವೆಂದರೆ ಕಾಲೇಜು ಹುಡುಗರು ಎಂಬ ಎಣಿಕೆಯಲ್ಲಿಯೇ ಸುಧೀಂದ್ರ ಅವರ ವಾದ ನಿಂತಿದೆ.

ವಸುಧಾ:
ಇನ್ನೊಂದು ವಿಷಯ. ನಿಕ್ಸನ್ ಭರ್ಜರಿಯಾಗಿ ಗೆದ್ದ ಅದೇ 1972ರಲ್ಲಿ ಮತದಾರರು ಸಂಸತ್ತಿನ ಎರಡೂ ಸದನಗಳನ್ನು ಡೆಮಾಕ್ರಟರ ಕೈಯಲ್ಲೇ ಉಳಿಸಿದರು. ಆ ಸಂಸತ್ತು 1973ರ ಆಗಸ್ಟ್ 15ರ ನಂತರ ಇಂಡೋಚೈನಾದ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಯುದ್ಧಕ್ಕೆ ಹಣ ಕೊಡುವುದನ್ನೇ ನಿಲ್ಲಿಸಿತು. ಕಾಂಬೋಡಿಯಾದ ಮೇಲೆ ಬಾಂಬು ಬೀಳುವುದು ನಿಂತದ್ದು ಆ ದಿನ. ತಮ್ಮ ಕ್ಷೇತ್ರದ ಜನ ಎಷ್ಟು ಬೇಸತ್ತಿದ್ದಾರೆಂದು ತಿಳಿಯದೆ ಯಾವ ಸದಸ್ಯನೂ ಅಂಥ ಕಾನೂನಿಗೆ ಕೈ ಎತ್ತುವುದಿಲ್ಲ.

ಸುಧೀಂದ್ರ:
ಹಣ ತಡೆದದ್ದು ಸಂಸತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬೇಸರಕ್ಕೆ ಮೂಲ, ಮನೆಮನೆಯ ಬಾಗಿಲಿಗೆ ಬರುತ್ತಿದ್ದ ಸೇನಾ ಭರ್ತಿಯ ಆದೇಶ ಮತ್ತು ಮರಳಿ ಬರುತ್ತಿದ್ದ ಶವಪೆಟ್ಟಿಗೆಗಳೇ ಎಂದು ನಾನು ಈಗಲೂ ಹೇಳುತ್ತೇನೆ. 1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. 2003ರ ಫೆಬ್ರವರಿ 15ರಂದು ಇರಾಕ್ ಯುದ್ಧದ ವಿರುದ್ಧ ಜಗತ್ತಿನಾದ್ಯಂತ ಲಕ್ಷಾಂತರ ಜನ ಬೀದಿಗಿಳಿದರೂ ಮುಂದಿನ ತಿಂಗಳೇ ಯುದ್ಧ ಶುರುವಾಯಿತು. ಆಮೇಲೆ ವರ್ಷಗಟ್ಟಲೆ ನಡೆದರೂ ಅಮೆರಿಕದ ಕಾಲೇಜುಗಳು 1970ರಂತೆ ಹೊತ್ತಿ ಉರಿಯಲಿಲ್ಲ. ಬೀದಿಯ ಹೋರಾಟಕ್ಕೇ ಅಷ್ಟು ಶಕ್ತಿಯಿದ್ದರೆ ಅದು ಆಗ ಏಕೆ ಸಾಲದೇ ಹೋಯಿತೆಂಬುದಕ್ಕೆ ವಸುಧಾ ಅವರು ಉತ್ತರ ಕೊಡಬೇಕು.