ಮಾತ್ರೆ ತಗೊಂಡ್ರೆ ಕವಿತೆ ಬರೆಯೋದು ನಿಂತೋಗುತ್ತಾ? ಅನುಭವ ಇರೋರು ಹೇಳಿ

ಮೈಸೂರಲ್ಲಿ ಎಂಎ ಓದ್ತಿದೀನಿ, ಹಾಸ್ಟೆಲ್. ಸುಮಾರು ದಿನದಿಂದ ನಿದ್ದೆ ಸರಿ ಇಲ್ಲ, ಕ್ಲಾಸಿಗೆ ಹೋಗೋಕೆ ಮನಸ್ಸಿಲ್ಲ, ಆದ್ರೆ ರಾತ್ರಿ ಎರಡಕ್ಕೆ ಎದ್ದು ಕೂತು ಕವಿತೆ ಬರೀತೀನಿ. ಡಾಕ್ಟ್ರು ಖಿನ್ನತೆ ಅಂತ ಮಾತ್ರೆ ಬರ್ಕೊಟ್ಟಿದಾರೆ. ಮನಸ್ಸು ಮಂಕಾಗಿ ಬರವಣಿಗೆನೇ ಹೋಗುತ್ತೆ ಅಂತ ಫ್ರೆಂಡ್ಸ್ ಹೆದರಿಸ್ತಿದಾರೆ. ನಿಜನಾ?

ಉತ್ತರ: ಪಿಜಿ ಮಾಡುವಾಗ ನಾನೂ ತಗೊಂಡಿದೀನಿ, ಅದಕ್ಕೇ ಹೇಳ್ತಿರೋದು. ಶುರುನಲ್ಲಿ ಬಾಯಿ ಒಣಗೋದು, ಹೊಟ್ಟೆ ತೊಳಸೋದು ಬಿಟ್ರೆ ಏನೂ ಗೊತ್ತಾಗ್ಲಿಲ್ಲ, ಈ ಮಾತ್ರೆಗಳ ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ. ಆಮೇಲೆ ಸ್ವಲ್ಪ ದಿನ ಅಳುನೂ ಬರ್ತಿರ್ಲಿಲ್ಲ ಖುಷಿನೂ ಆಗ್ತಿರ್ಲಿಲ್ಲ, ನಿಮ್ಮ ಫ್ರೆಂಡ್ಸ್ ಹೇಳೋ ಮಂಕು ಇದೇ ಇರ್ಬೇಕು, ಕೆಲವರಿಗೆ ಆಗುತ್ತೆ, ಸುಳ್ಳಲ್ಲ. ಡಾಕ್ಟ್ರ ಹತ್ರ ‘ಬರೆಯೋಕೆ ಆಗ್ತಿಲ್ಲ’ ಅಂತಾನೇ ಹೇಳ್ದೆ, ಡೋಸ್ ಬದಲಾಯಿಸಿದ್ರು, ಸರಿಹೋಯ್ತು. ಆದ್ರೆ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ. ಇನ್ನೊಂದು ಮಾತು, ಖಿನ್ನತೆ ಜೋರಿದ್ದಾಗ ಬರೆದ ಪುಟಗಳನ್ನ ಆಮೇಲೆ ತೆಗೆದು ನೋಡಿದ್ರೆ ಎಲ್ಲಿ ನೋಡಿದ್ರೂ ಕತ್ತಲು, ಗೋಡೆ, ಕಿಟಕಿ, ಇಷ್ಟೇ. ಹುಷಾರಾದ್ಮೇಲೆ ಅವನ್ನೇ ತಿದ್ದೋಕೆ ಕೂತಾಗ ನಮ್ಮಜ್ಜಿ ಒಲೆ, ಊರಿಗೆ ಹೋಗೋ ಕೊನೇ ಬಸ್ಸು, ಮೆಸ್ಸಲ್ಲಿ ಸಾರಿಗೋಸ್ಕರ ನಡೆಯೋ ಜಗಳ ಎಲ್ಲ ಕವಿತೆ ಒಳಗೆ ಬಂತು. ತಿದ್ದೋಕೆ ನಿದ್ದೆ ಮಾಡಿರೋ ತಲೆ ಬೇಕು ರೀ.

ಧಾರವಾಡದಿಂದ: ಬೇಂದ್ರೆಯವರ ಹೆಸರು ಹೇಳಿ ‘ನೊಂದ್ರನ ಕವಿತಾ ಹುಟ್ಟತಾವ’ ಅನ್ನೋರು ಇಲ್ಲೆ ಭಾಳ ಮಂದಿ ಅದಾರ. ಅವರು ಮಕ್ಕಳನ್ನ ಕಳಕೊಂಡ್ರು, ಜೈಲು ಕಂಡ್ರು, ಖರೆ. ಆದ್ರ ‘ಗೆಳೆಯರ ಗುಂಪು’ ಅಂತ ಅವರದೊಂದು ಸಾಹಿತಿಗಳ ಕೂಟ ಇತ್ತಲ್ಲ, ಅದನ್ಯಾಕ ಯಾರೂ ನೆನಸಂಗಿಲ್ಲ? ಬರದದ್ದನ್ನ ಓದಾಕ, ಕೇಳಾಕ ಸುತ್ತ ಮಂದಿ ಇದ್ರು. ನೀವೂ ನಡುರಾತ್ರಿ ಒಬ್ರ ಬರಿಯೂದು ಬಿಟ್ಟು ಸಂಜಿಮುಂದ ಇಬ್ರು ಮೂವರು ಕೂಡಿ ಓದ್ರಿ.

ಸೈಕಾಲಜಿ ಓದ್ತಿರೋಳು: ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಪಾಠದಲ್ಲೇ ಇತ್ತು. ಕಾಲೇಜು ಹುಡುಗ ಹುಡುಗೀರು ದಿನಕ್ಕೆ 15 ನಿಮಿಷದ ಹಾಗೆ ಸಾಲಾಗಿ 4 ದಿನ ಮನಸ್ಸಿಗೆ ಗಾಯ ಮಾಡಿದ ಘಟನೆ ಬರೆದ್ರು. ಬರೆದ ಕೂಡ್ಲೆ ಬೇಜಾರು ಜಾಸ್ತಿನೇ ಆಗಿತ್ತು, ಆದ್ರೆ ನಡೆದದ್ದು ಅನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕ್ಯಾಂಪಸ್ ಆಸ್ಪತ್ರೆಗೆ ಹೋಗಿದ್ದು ಕಮ್ಮಿ. ಅದಕ್ಕೇ ಮಲಗೋ ಹೊತ್ತಲ್ಲಿ ಬೇಡ, ಮೊಬೈಲಲ್ಲಿ ಟೈಮರ್ ಇಟ್ಟು ಹಗಲೇ ಬರೀರಿ. ಮಾತ್ರೆ ಬದಲಿಗೆ ಅಲ್ಲ, ಮಾತ್ರೆ ಜೊತೆಗೆ. ರಾತ್ರಿ ತೀರಾ ತಡ್ಕೊಳೋಕೆ ಆಗದಿದ್ರೆ, ಸಾಯೋ ಯೋಚನೆ ಬಂದ್ರೆ ಒಂದು ಕ್ಷಣನೂ ಕಾಯ್ಬೇಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದುಡ್ಡು ಬೇಡ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ರೂಮ್‌ಮೇಟಿಗೂ ಇವತ್ತೇ ಒಂದು ಮಾತು ಹೇಳಿಡಿ.